ಜೆರುಸಲೇಮ್‌ಗೆ ಓದೋಕೆ ಹೋದ ಮಗಳು, ಬೆಂಗಳೂರಲ್ಲಿ ಮುನಿಸ್ಕೊಂಡ ಅಮ್ಮ

ಹೆಸರು, ಕಾಲೇಜು, ಮನೆ ಇರೋ ಏರಿಯಾ ಎಲ್ಲಾ ಬದಲಾಯಿಸಿದೀನಿ, ನನ್ನ ಹತ್ರ ಸಲಹೆ ಕೇಳಿದ ಈ ಹುಡುಗೀನ ಇಲ್ಲಿ ರೀನಾ ಅಂತ ಕರೀತೀನಿ. ವಯಸ್ಸು 22. ಬೆನೆ ಇಸ್ರೇಲ್ ಕುಟುಂಬ, ಅಂದ್ರೆ ಕೊಂಕಣ ಕರಾವಳಿಯ ಹಳೇ ಯಹೂದಿಗಳು, ಮನೇಲಿ ಮರಾಠಿ, ಅಪ್ಪನ ಕೆಲಸದಿಂದಾಗಿ ಬೆಳೆದಿದ್ದು ಬೆಂಗಳೂರಲ್ಲಿ, ಹಾಗಾಗಿ ನನ್ನ ಹತ್ರ ಮಾತೆಲ್ಲ ಕನ್ನಡದಲ್ಲೇ. ಡಿಗ್ರಿ ಮುಗಿಸಿ ಒಂದು ವರ್ಷ ಧರ್ಮ ಓದ್ತೀನಿ ಅಂತ ಜೆರುಸಲೇಮ್‌ನ ಒಂದು ಮಿದ್ರಾಶಾಗೆ, ಅಂದ್ರೆ ಹೆಣ್ಮಕ್ಕಳು ಧರ್ಮಗ್ರಂಥ ಓದೋ ಸಂಸ್ಥೆಗೆ, ಸೇರಿದ್ಲು. ಅಲ್ಲಿ ವರ್ಷ ಶುರುವಾಗೋದು ಎಲುಲ್ ತಿಂಗಳಲ್ಲಿ, ನಮ್ಮ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ. ಹಬ್ಬಗಳೆಲ್ಲ ಮುಗಿದು ಚಳಿಗಾಲದ ಟರ್ಮ್ ಶುರುವಾದ್ಮೇಲೆ ವಿಡಿಯೋ ಕಾಲ್‌ನಲ್ಲಿ ಸಿಕ್ಕಿದ್ಲು. "ಮೇಡಂ, ಇಲ್ಲಿ ನಾನೊಬ್ಳೇ ಫೇಕ್ ಅನ್ಸುತ್ತೆ, ವಾಪಸ್ ಬಂದ್ಬಿಡ್ಲಾ?"

ಫೇಕ್ ಯಾಕೆ ಅಂತ ಕೇಳಿದ್ರೆ ಮೊದ್ಲು ಹೇಳಿದ್ದು ತಾಲ್ಮುಡ್, ಅಂದ್ರೆ ಯಹೂದಿ ಧರ್ಮಶಾಸ್ತ್ರದ ಚರ್ಚೆಗಳಿರೋ ಹಳೇ ಗ್ರಂಥ, ಅದರ ಕ್ಲಾಸ್ ಬಗ್ಗೆ. ಪುಟ ತೋರಿಸಿದ್ಲು, ನಡುವೆ ಮೂಲ, ಒಂದು ಪಕ್ಕ ರಾಶಿ ಅನ್ನೋರ ವ್ಯಾಖ್ಯಾನ ಬೇರೆ ಥರದ ಅಕ್ಷರದಲ್ಲಿ, ಇನ್ನೊಂದು ಪಕ್ಕ ತೋಸಾಫೋತ್ ಅನ್ನೋ ಮತ್ತೊಂದು ವ್ಯಾಖ್ಯಾನ, ಸ್ವರಚಿಹ್ನೆ ಇಲ್ಲ, ಪೂರ್ಣವಿರಾಮ ಇಲ್ಲ, ಭಾಷೆ ಬಹುಪಾಲು ಅರಾಮೈಕ್, ಹೀಬ್ರೂಗೆ ಹತ್ತಿರದ ಒಂದು ಹಳೇ ಭಾಷೆ. ಓದೋದು ಒಬ್ಬೊಬ್ರೇ ಅಲ್ಲ, ಇಬ್ಬಿಬ್ರು ಎದುರುಬದುರು ಕೂತು ಜೋರಾಗಿ ಓದಿ ವಾದ ಮಾಡ್ಬೇಕು, ಅದಕ್ಕೆ ಖವ್ರೂತಾ ಅಂತಾರೆ. ಇವಳ ಜೋಡಿ ಅಮೆರಿಕದ ಹುಡುಗಿ, ಚಿಕ್ಕಂದಿನಿಂದ ಯಹೂದಿ ಶಾಲೇಲಿ ಓದಿದವಳು, ಪಟಪಟ ಅಂತ ಓದ್ಕೊಂಡ್ ಹೋಗ್ತಾಳೆ, ಇವಳು ಸುಮ್ನೆ ತಲೆ ಆಡಿಸ್ತಾಳೆ. ಮೇಲಿಂದ ರೂಮ್‌ಮೇಟ್ ಒಬ್ಳು "ನೀವು ಮತಾಂತರ ಆದವ್ರಾ" ಅಂತ ಕೇಳಿದ್ಲಂತೆ. ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ ಅಂತ ರೀನಾನೇ ಹೇಳಿದ್ಲು. ಆದ್ರೆ ಈ ಪ್ರಶ್ನೆ ಅವರ ಜನಕ್ಕೆ ಹಳೇ ಗಾಯ, 60ರ ದಶಕದಲ್ಲಿ ಇಸ್ರೇಲ್‌ನ ಮುಖ್ಯ ರಬ್ಬಿಗಳ, ಅಂದ್ರೆ ಧರ್ಮಗುರುಗಳ, ಕಚೇರಿ ಬೆನೆ ಇಸ್ರೇಲ್‌ನವರ ಮದುವೆಗೆ ವಂಶ ವಿಚಾರಿಸ್ಬೇಕು ಅಂದಿತ್ತು, ದೊಡ್ಡ ಹೋರಾಟ ಆಗಿ 1964ರಲ್ಲಿ ಇವ್ರು ಎಲ್ಲಾ ರೀತೀಲೂ ಪೂರ್ತಿ ಯಹೂದಿಗಳೇ ಅಂತ ಒಪ್ಕೊಂಡ್ರು. ಅಜ್ಜಿ ಬಾಯಲ್ಲಿ ಇದನ್ನ ಕೇಳ್ಕೊಂಡೇ ಬೆಳೆದವಳು ಇವಳು.

ಇನ್ನೊಂದು ಕಡೆ ಅಮ್ಮ. ಶುಕ್ರವಾರ ಸಂಜೆ ದೀಪ ಹಚ್ಚಿ, ರಾತ್ರಿ ಊಟ ಆದ್ಮೇಲೆ ಮಗಳಿಗೆ ಫೋನ್ ಮಾಡೋದು ಅವರ ಅಭ್ಯಾಸ. ಡಿಸೆಂಬರ್‌ನಲ್ಲಿ ಜೆರುಸಲೇಮ್‌ನಲ್ಲಿ ಸಂಜೆ 4ಕ್ಕೇ ಸಬ್ಬತ್, ಅಂದ್ರೆ ವಾರದ ವಿಶ್ರಾಂತಿ ದಿನದ, ದೀಪ ಹಚ್ತಾರೆ, ಆಗ ಇಲ್ಲಿ ಏಳೂವರೆ, ಅಲ್ಲಿಂದ ಶನಿವಾರ ರಾತ್ರಿವರೆಗೆ ಫೋನ್ ಮುಟ್ಟೋ ಹಾಗಿಲ್ಲ, ಮಗಳ ಫೋನ್ ಸ್ವಿಚ್ ಆಫ್. ಅದಾದ್ಮೇಲೆ ಮಗಳದ್ದೊಂದು ವಾಟ್ಸಾಪ್ ಮೆಸೇಜು, ನಮ್ಮನೆ ಪಾತ್ರೆ ಕೋಷರ್ ಅಲ್ಲ, ಅಂದ್ರೆ ಯಹೂದಿ ಆಹಾರ ನಿಯಮಕ್ಕೆ ತಕ್ಕ ಹಾಗಿಲ್ಲ, ನಾನು ಬಂದಾಗ ಬೇರೆ ತಗೊಳ್ಳೋಣ ಅಂತ. ಅಮ್ಮ "ಹಾಗಾದ್ರೆ ಇಷ್ಟು ವರ್ಷ ನಾನು ನಿಂಗೆ ಏನ್ ತಿನ್ನಿಸ್ದೆ?" ಅಂದು ಮಾತು ಬಿಟ್ರು.

ನಾನು ಮೊದ್ಲೇ ಹೇಳ್ಬಿಟ್ಟೆ, ಪಾತ್ರೆ ವಿಷ್ಯ ರಬ್ಬಿ ಹತ್ರ ಕೇಳು, ಅದು ನನ್ನ ಕೆಲಸ ಅಲ್ಲ, ಆದ್ರೆ ಅರಾಮೈಕ್ ಬರಲ್ಲ ಅನ್ನೋದನ್ನೂ ನಾನು ಯಹೂದಿನೇ ಅಲ್ವೇನೋ ಅನ್ನೋದನ್ನೂ ನೀನು ಒಂದೇ ಗಂಟಲ್ಲಿ ಕಟ್ಟಿದೀಯ, ಅದನ್ನ ಬಿಚ್ಚೋಣ. ಅರಾಮೈಕ್ ಬರದಿದ್ರೆ ಕಲಿಯೋಕೆ ದಾರಿ ಇದೆ. ಟೀಚರ್‌ನ ನೇರವಾಗಿ ಕೇಳಿ ಕೆಳಗಿನ ಲೆವೆಲ್‌ಗೆ ಹೋಗು, ಮೊದ್ಲು ತಾಲ್ಮುಡ್‌ಗೆ ಆಧಾರವಾದ ಮಿಶ್ನಾ ಓದು, ಅದು ಹೀಬ್ರೂ, ಸ್ವರಚಿಹ್ನೆ ಹಾಕಿರೋ ಪ್ರತಿ ಸಿಗುತ್ತೆ. ಜೋಡಿ ಹತ್ರ "ನಿಧಾನ, ಈ ಸಾಲು ನಾನು ಓದ್ತೀನಿ" ಅಂತ ಬಾಯ್ಬಿಟ್ಟು ಹೇಳು. ಆಗ ಅವಳು ಓದ್ತಿದ್ದಿದ್ದು ತಾಲ್ಮುಡ್‌ನ ಬಾವಾ ಮೆಟ್ಸಿಯಾ ಅನ್ನೋ ಭಾಗದ ಎರಡನೇ ಅಧ್ಯಾಯ, ದಾರೀಲಿ ಚೆಲ್ಲಿರೋ ಹಣ್ಣು, ಚಿಲ್ಲರೆ ಕಾಸು ಸಿಕ್ಕಿದ್ರೆ ಇಟ್ಕೋಬಹುದಾ, ಕಳ್ಕೊಂಡವರನ್ನ ಹುಡುಕ್ಬೇಕಾ ಅನ್ನೋ ಚರ್ಚೆ. ಅದನ್ನ ನಂಗೆ ಕನ್ನಡದಲ್ಲಿ ವಿವರ್ಸು ಅಂದೆ. ಅರ್ಧ ಗಂಟೆ ನಿಲ್ಲಿಸ್ದೆ ಮಾತಾಡಿದ್ಲು ಪುಣ್ಯಾತ್ಗಿತ್ತಿ!

ಅಮ್ಮನ ವಿಷಯಕ್ಕೆ ಬಂದಾಗ ನಾನು ಕೇಳಿದ್ದು ಒಂದೇ, ನಿಮ್ಮನೇಲಿ ಮಟನ್ ಸಾರಿಗೆ ಮೊಸರು ಹಾಕ್ತಾರಾ? ಇಲ್ಲ, ತೆಂಗಿನಹಾಲು. ಯಾಕೆ? ಸ್ವಲ್ಪ ಹೊತ್ತು ಮಾತೇ ಇಲ್ಲ, ಆಮೇಲೆ "ಮಾಂಸದ ಜೊತೆ ಹಾಲು ಸೇರಿಸ್ಬಾರ್ದು ಅಂತ" ಅಂದ್ಲು. ಅಂದ್ರೆ ಅಮ್ಮನೂ ಆ ನಿಯಮ ಪಾಲಿಸ್ತಾನೇ ಬಂದಿದಾರೆ, ಇದನ್ನ ಅಮ್ಮಂಗೆ ಹೇಳು ಅಂದೆ. ಓದು ಹೊಸದಾಗಿರುವಾಗ ಎಲ್ಲಾ ಆಚರಣೆ ಒಟ್ಟಿಗೆ ಬದಲಾಯಿಸ್ಬೇಡ, ಮನೆಯವರಿಗೆ ವಾಟ್ಸಾಪ್‌ನಲ್ಲಿ ತೀರ್ಪು ಕಳಿಸ್ಬೇಡ, ಫೋನ್ ಗುರುವಾರ ರಾತ್ರಿಗೆ ಬದಲಾಯಿಸ್ಕೋ, ಶುಕ್ರವಾರ ದೀಪಕ್ಕೆ ಮುಂಚೆ ಒಂದು ಸಣ್ಣ ವಾಯ್ಸ್ ನೋಟ್ ಹಾಕಿಡು, ಅಮ್ಮ ದೀಪ ಹಚ್ಚಿ ಕೇಳ್ಕೊಳ್ಳಲಿ. ಇನ್ನೊಂದು, ಇಸ್ರೇಲ್‌ನದೇ ರಾಮ್ಲಾ ಊರಲ್ಲಿ ಅವಳ ದೊಡ್ಡಪ್ಪನ ಕಡೆಯವರು ಇದ್ರು, ಹೋಗೇ ಇರ್ಲಿಲ್ಲ. ಒಂದು ಸಬ್ಬತ್ ಅಲ್ಲಿ ಕಳಿ ಅಂದೆ, ಶುಕ್ರವಾರ ಮಧ್ಯಾಹ್ನದ ಮೇಲೆ ಬಸ್ಸು ನಿಂತ್ಹೋಗುತ್ತೆ, ಅದಕ್ಕೆ ಬೆಳಿಗ್ಗೆನೇ ಹೊರಡು.

ಹೋಗಿ ಬಂದ್ಲು. ಅಲ್ಲಿ ಯಾರದೋ ಹರಕೆಗೆ ಮಲೀದಾ ಮಾಡಿದ್ರಂತೆ, ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಹಣ್ಣು ಹಾಕಿ ಎಲಿಯಾಹೂ ಪ್ರವಾದಿ ಹೆಸರಲ್ಲಿ ಹಂಚೋ ತಟ್ಟೆ. ಫೋಟೋ ಅಮ್ಮಂಗೆ ಹೋಯ್ತು, ಅಮ್ಮ ಉತ್ತರ ಬರೆದ್ರು, "ಅವಲಕ್ಕಿ ಜಾಸ್ತಿ ನೆನೆದಿದೆ" ಅಂತ. ಮಾತು ಶುರುವಾಯ್ತು ಅಂತ ನಾನು ಲೆಕ್ಕ ಹಾಕ್ದೆ.

ಪಾತ್ರೆ ಜಗಳ ಇನ್ನೂ ಮುಗಿದಿಲ್ಲ. ಈಗ ಹೊಸ ತಕರಾರು, ಇನ್ನೊಂದು ವರ್ಷ ಇರ್ತೀನಿ ಅಂತಾಳೆ. ಸ್ಟೂಡೆಂಟ್ ವೀಸಾದಲ್ಲಿ ಕೆಲಸ ಮಾಡೋ ಹಾಗಿಲ್ಲ, ಖರ್ಚು ಅಪ್ಪಂದೇ, ಇಲ್ಲಿ ಕ್ಯಾಂಪಸ್ ಜಾಬ್ ಕಾಯ್ತಿದೆ. ಮಾರ್ಚ್-ಏಪ್ರಿಲ್‌ನಲ್ಲಿ ಬರೋ ಪೆಸಾಖ್ ಹಬ್ಬದವರೆಗೆ ಯಾವ ನಿರ್ಧಾರಾನೂ ಬೇಡ, ಜಾಯಿನಿಂಗ್ ಡೇಟ್ ಮುಂದಕ್ಕೆ ಹಾಕಕ್ಕಾಗುತ್ತಾ ಅಂತ ಕಂಪನಿಗೆ ಈಗ್ಲೇ ಮೇಲ್ ಮಾಡು, ದುಡ್ಡಿನ ಲೆಕ್ಕ ಅಪ್ಪನ ಜೊತೆ ನೀನೇ ಕೂತು ಮಾತಾಡು, ಅಮ್ಮನ ಮೂಲಕ ಹೇಳಿಸ್ಬೇಡ ಅಂತ ಹೇಳಿದೀನಿ.