ವೃದ್ಧಾಪ್ಯ ವೇತನದ ಅರ್ಜಿ ತಿರಸ್ಕೃತವಾದರೆ ಏನು ಮಾಡಬೇಕು?

ನಿಮ್ಮ ತಾಯಿಗೆ 66 ವರ್ಷ, ಅರ್ಜಿ ತಿರಸ್ಕೃತವಾಗಿದೆ, ಎಷ್ಟು ಹಣ ಬರಬೇಕಿತ್ತು ಎಂದು ಕೇಳಿದ್ದೀರಿ.

ಕರ್ನಾಟಕದಲ್ಲಿ 65 ದಾಟಿದ ಬಡ ವೃದ್ಧರಿಗೆ 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆ ಇದೆ. 2021ರ ಏರಿಕೆಯ ನಂತರ ಅದರ ಮೊತ್ತ ತಿಂಗಳಿಗೆ 1,200 ರೂಪಾಯಿ. ಕೇಂದ್ರದ ಇನ್ನೊಂದು ಯೋಜನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 79 ವರ್ಷದವರೆಗೆ 200, 80ರಿಂದ 500 ರೂಪಾಯಿ ಮಾತ್ರ. ಮಿಕ್ಕಿದ್ದನ್ನು ರಾಜ್ಯ ಸೇರಿಸುತ್ತದೆ. ವಿಧವಾ ವೇತನ ಪಡೆಯುತ್ತಿದ್ದರೆ ಸಂಧ್ಯಾ ಸುರಕ್ಷಾ ಸಿಗುವುದಿಲ್ಲ.

ಮೊದಲು ಹಿಂಬರಹ, ಅಂದರೆ ತಿರಸ್ಕಾರದ ಕಾರಣ ಬರೆದ ಕಚೇರಿಯ ಪತ್ರ, ಕೇಳಿ ಪಡೆಯಿರಿ. "ಆಗುವುದಿಲ್ಲ ಹೋಗಿ" ಎಂಬ ಬಾಯಿಮಾತು ತಿರಸ್ಕಾರವಲ್ಲ, ಕಾರಣ ಬರವಣಿಗೆಯಲ್ಲಿರಬೇಕು. ನಮ್ಮ ಪಕ್ಕದ ಮನೆಯ ಅಜ್ಜಿಯ ಹಿಂಬರಹದಲ್ಲಿ ಇದ್ದದ್ದು ಒಂದೇ ಸಾಲು: "ವಯಸ್ಸು ತಾಳೆಯಾಗುವುದಿಲ್ಲ." ಆಧಾರ್‌ನಲ್ಲಿ ಹುಟ್ಟಿದ ದಿನ ಅಂದಾಜಿನ ಜನವರಿ 1, ಮತದಾರರ ಚೀಟಿಯಲ್ಲಿ ವಯಸ್ಸು ನಾಲ್ಕು ವರ್ಷ ಹೆಚ್ಚು. ಜನನ ಪತ್ರವೇ ಇಲ್ಲದ ತಲೆಮಾರಿಗೆ ಇದು ದೊಡ್ಡ ಅನ್ಯಾಯ ಎಂದೇ ನನ್ನ ಭಾವನೆ. ಆಧಾರ್ ತಿದ್ದಿಸಿ ಮತ್ತೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ಮೇಲೆ ಅವರಿಗೆ ಮಂಜೂರಾಯಿತು.

ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಹೊಸದು ಮಾಡಿಸಿ. ಮಂಜೂರಾಗಿಯೂ ಹಣ ಬಾರದಿದ್ದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿ. ಅದು ತಿರಸ್ಕಾರವಲ್ಲ, ಹೊಸ ಅರ್ಜಿ ಬೇಡ.

ದಾಖಲೆಗಳೆಲ್ಲ ಸರಿಯಿದ್ದೂ ತಹಶೀಲ್ದಾರರು ನಿರಾಕರಿಸಿದರೆ ಹಿಂಬರಹದ ಪ್ರತಿಯೊಂದಿಗೆ ಉಪವಿಭಾಗಾಧಿಕಾರಿಗಳಿಗೆ ಮನವಿ ಸಲ್ಲಿಸಿ. ತಾಲ್ಲೂಕಿನಲ್ಲಿ ಪಿಂಚಣಿ ಅರ್ಜಿ, ದೂರುಗಳನ್ನು ಅಧಿಕಾರಿಗಳು ಆಲಿಸುವ ಪಿಂಚಣಿ ಅದಾಲತ್ ನಡೆಯುವುದಿದ್ದರೆ ತಾಯಿಯನ್ನೂ ಕರೆದುಕೊಂಡೇ ಹೋಗಿ.