ಓದುಗರ ಪ್ರಶ್ನೆ: ಉಳಿದ ಅನುದಾನ ಎಲ್ಲಿ ಹೋಯಿತು?

ಪ್ರಶ್ನೆ: ಅಡಿಕೆ ಎಲೆಚುಕ್ಕಿ ರೋಗದ ಮೇಲೆ ಕೇಂದ್ರದ ಅನುದಾನದಲ್ಲಿ ಮೂರು ವರ್ಷದ ಯೋಜನೆ ನಡೆಸುತ್ತಿದ್ದೇನೆ. ಮೊದಲ ವರ್ಷ ಅರ್ಧ ಹಣವಷ್ಟೇ ಖರ್ಚಾಯಿತು. ಏಪ್ರಿಲ್‌ನಲ್ಲಿ ನೋಡಿದರೆ ಉಳಿದದ್ದು ಖಾತೆಯಲ್ಲಿಲ್ಲ, ಎರಡನೇ ಕಂತೂ ಬಂದಿಲ್ಲ. ಏನು ಮಾಡಲಿ?
— ಸಂಶೋಧಕಿ, ತೀರ್ಥಹಳ್ಳಿ

ಉತ್ತರ: ಹಿಂದೆ ವರ್ಷದ ಹಣ ವಿಶ್ವವಿದ್ಯಾಲಯದ ಬ್ಯಾಂಕ್ ಖಾತೆಗೇ ಬಂದು ಕೂರುತ್ತಿತ್ತು. ಈಗ ಬರುವುದು ಹಣವಲ್ಲ, ಶೂನ್ಯ ಶಿಲ್ಕಿನ ಖಾತೆಗೆ ಖರ್ಚಿನ ಮಿತಿ. ನೀವು ಬಿಲ್ಲು ಪಾವತಿಸಿದಾಗಲೇ ಖಜಾನೆಯಿಂದ ಹಣ ಹೊರಡುತ್ತದೆ. ರಿಸರ್ವ್ ಬ್ಯಾಂಕಿನ ಟಿಎಸ್‌ಎ (ಖಜಾನೆಯ ಏಕ ಖಾತೆ) ಮೂಲಕ ಬರುವ ಅನುದಾನವಾದರೆ ಮಾರ್ಚ್ 31ರೊಳಗೆ ಬಳಸದ ಮಿತಿ ರದ್ದು. ಮುಂದಿನ ವರ್ಷಕ್ಕೆ ಅದನ್ನು ಹೊಸದಾಗಿ ಕೊಡಿಸಿಕೊಳ್ಳಬೇಕು.

ಅದಕ್ಕೆ ಕೀಲಿ ಹಣಬಳಕೆ ಪ್ರಮಾಣಪತ್ರ, ಅಂದರೆ ಯುಸಿ. ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 12-ಎ ನಮೂನೆಯಲ್ಲಿ, ಖರ್ಚಿನ ತಃಖ್ತೆಯ ಜೊತೆ ಕಳಿಸಬೇಕು. ನಿಯಮದ ಗಡುವು ವರ್ಷ ಮುಗಿದು 12 ತಿಂಗಳು. ಅಷ್ಟು ಕಾಯಬೇಡಿ, ಮುಂದಿನ ಕಂತು ಅದಕ್ಕೇ ಕಟ್ಟುಬಿದ್ದಿದೆ. ಏಪ್ರಿಲ್‌ನಲ್ಲೇ ಹಣಕಾಸು ಅಧಿಕಾರಿಯ ಸಹಿ ಮಾಡಿಸಿ. ಯುಸಿ ವಾಪಸ್ ಬರುವುದು ಹೆಚ್ಚಾಗಿ ಮೂರು ಕಡೆ ಎಡವಿದ್ದಕ್ಕೆ: ಸರಬರಾಜು ಆದೇಶ ಕೊಟ್ಟಿದ್ದನ್ನೇ ಖರ್ಚು ಎಂದು ತೋರಿಸುವುದು, ಉಪಕರಣದ ಬಾಬ್ತನ್ನೂ ದಿನನಿತ್ಯದ ಬಾಬ್ತನ್ನೂ ಒಂದೇ ಯುಸಿಯಲ್ಲಿ ಬೆರೆಸುವುದು, ಹಳೆಯ ಖಾತೆಯ ಬಡ್ಡಿಯನ್ನು ಸರ್ಕಾರಕ್ಕೆ ಹಣ ಕಟ್ಟುವ ಜಾಲತಾಣ ಭಾರತ್‌ಕೋಶ್ ಮೂಲಕ ಹಿಂದಿರುಗಿಸಿದ ರಸೀದಿ ಲಗತ್ತಿಸದಿರುವುದು.

ಬಳಸದ ಹಣ ಬ್ಯಾಂಕಿನಲ್ಲಿ ಕೊಳೆಯಬಾರದೆಂಬ ಉದ್ದೇಶ ಸರಿಯೇ. ಆದರೆ ಎಲೆಚುಕ್ಕಿ ಮಳೆಗಾಲದ ರೋಗ. ಮಂಜೂರಾತಿ ಡಿಸೆಂಬರ್‌ನಲ್ಲಿ ಕೈಗೆ ಬಂದರೆ ತೋಟಕ್ಕೆ ಹೋಗಿ ಮಾದರಿ ತರುವ ಕಾಲ ಕಳೆದಿರುತ್ತದೆ, ಖರ್ಚು ಮಾಡಲು ಉಳಿಯುವುದು ಮೂರು ತಿಂಗಳು. ಹೊಲ-ತೋಟದ ಸಂಶೋಧನೆಗೆ ಈ ನಿಯಮ ಅನ್ಯಾಯ ಮಾಡುತ್ತಿದೆ, ಅನುದಾನ ಕೊಡುವವರಿಗೆ ಇದನ್ನು ಬರೆದು ತಿಳಿಸುತ್ತಲೇ ಇರಬೇಕು. ಸದ್ಯಕ್ಕೆ ಉಪಕರಣದ ಟೆಂಡರ್ ಜುಲೈನಲ್ಲೇ ಕರೆಸಿ, ಬಿಲ್ಲು ಜನವರಿಯೊಳಗೆ ಪಾವತಿಯಾಗಲಿ. ಜೆಆರ್‌ಎಫ್ (ಕಿರಿಯ ಸಂಶೋಧನಾ ಸಹಾಯಕರ) ವೇತನ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಅದು ನಿಂತರೆ ಹುಡುಗರು ಯೋಜನೆ ಬಿಟ್ಟು ಹೋಗುತ್ತಾರೆ. ವಿಶ್ವವಿದ್ಯಾಲಯದ ನಿಧಿಯಿಂದ ಮುಂಗಡ ಕೊಡಿಸಿ, ಆದರೆ ನಂತರದ ಮರುಭರ್ತಿಗೆ ಅನುದಾನ ಸಂಸ್ಥೆಯ ಲಿಖಿತ ಒಪ್ಪಿಗೆ ಮೊದಲೇ ಪಡೆಯಿರಿ.

ನಿಮ್ಮದು ಹಳೆಯ ಎಸ್‌ಇಆರ್‌ಬಿ (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಮಂಜೂರಾತಿಯಾದರೆ ಪತ್ರ ವ್ಯವಹಾರ ಈಗ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಜೊತೆ. 2023ರ ಕಾಯ್ದೆ ಎಸ್‌ಇಆರ್‌ಬಿಯನ್ನು ಅದರಲ್ಲಿ ಸೇರಿಸಿದೆ.

ಪ್ರಶ್ನೆ: ಸಂಶೋಧನೆಗೆ ಜಿಎಸ್‌ಟಿ ವಿನಾಯಿತಿ ಇದೆಯಲ್ಲ, ಉಪಕರಣದ ಅಂದಾಜಿನಲ್ಲಿ 5% ಹಾಕಿದರೆ ಸಾಕೆ?
— ಶಂಕರಘಟ್ಟದ ಓದುಗರು

ಉತ್ತರ: ಸಾಲದು. ಸಂಶೋಧನಾ ಉಪಕರಣಗಳ 5% ರಿಯಾಯಿತಿ ದರ 2022ರ ಜುಲೈ 18ರಿಂದ ಹೋಯಿತು. ಸೂಕ್ಷ್ಮದರ್ಶಕದಂಥವಕ್ಕೆ ಈಗ 18%. ಹತ್ತು ಲಕ್ಷದ ಉಪಕರಣಕ್ಕೆ 50,000 ಬದಲು 1,80,000 ರೂಪಾಯಿ ತೆರಿಗೆ, ಅಂದರೆ 1,30,000 ಕೊರತೆ. 2024ರ ಅಕ್ಟೋಬರ್ 10ರ ವಿನಾಯಿತಿ ಅನುದಾನ ಪಡೆದು ಕೊಡುವ ಸಂಶೋಧನಾ ಸೇವೆಗೆ, ನೀವು ಕೊಳ್ಳುವ ಸಾಮಾನಿಗಲ್ಲ. ಅಂದಾಜುಪಟ್ಟಿಯಲ್ಲಿ ತೆರಿಗೆಯನ್ನು ಬೇರೆ ಸಾಲಾಗಿಯೇ ತೋರಿಸಿ.