ನ್ಯೂಯಾರ್ಕಿನ ರೇಟು, ಸಕಲೇಶಪುರದ ಕಣ

ಪ್ರಶ್ನೆ: ಬ್ರೆಜಿಲ್ ಕಾಫಿಗೆ ಟ್ರಂಪ್ ಶೇ 50 ಸುಂಕ ಹಾಕಿದಾಗ ನಮಗೆ ಬಂಪರ್ ಅಂದರು. ಈಗ ಸುಂಕವೇ ಹೋಯಿತು. ಅರೇಬಿಕಾ ಕಣದಲ್ಲಿದೆ. ಮಾರಲೋ, ಇಟ್ಟುಕೊಳ್ಳಲೋ?
– ಬೆಳೆಗಾರರೊಬ್ಬರು, ಸಕಲೇಶಪುರ

ಉತ್ತರ: ಬಂಪರ್ ಅಂದವರು ಟೀವಿಯವರೇ ಇರಬೇಕು. ಅಮೆರಿಕ ನಮ್ಮ ಕಾಫಿಯ ದೊಡ್ಡ ಗಿರಾಕಿ ಅಲ್ಲವೇ ಅಲ್ಲ. ನಮ್ಮ ಮೂಟೆಗಳು ಜಾಸ್ತಿ ಹೋಗುವುದು ಯುರೋಪಿಗೆ, ಅದರಲ್ಲೂ ಇಟಲಿಗೆ. ಆದರೆ ರೇಟು ಕುದುರುವುದು ಬೇರೆ ಕಡೆ. ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ, ರೋಬಸ್ಟಾದ್ದು ಲಂಡನ್ನಿನಲ್ಲಿ. ಅಲ್ಲಿ ಯಾರಾದರೂ ಕೆಮ್ಮಿದರೆ ನಮ್ಮ ಪೇಟೆಯ ವ್ಯಾಪಾರಿ ಫೋನ್ ಎತ್ತುವುದಿಲ್ಲ, ಅಲ್ವಾ?

ಈ ಸುಂಕದ ಕಥೆ ಸ್ವಲ್ಪ ನೋಡಿ. ಬ್ರೆಜಿಲಿನ ಮಾಜಿ ಅಧ್ಯಕ್ಷ ಬೋಲ್ಸನಾರೊ ಮೇಲೆ ಅಲ್ಲಿನ ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು. ಅದು ಸರಿಯಲ್ಲ ಅಂತ ಟ್ರಂಪ್ ಆಗಸ್ಟ್ 2025ರಿಂದ ಸುಂಕ ಏರಿಸಿದರು. ಅಮೆರಿಕದವರು ಕುಡಿಯುವ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬ್ರೆಜಿಲಿನದ್ದು. ಹವಾಯಿ, ಪೋರ್ಟೊರಿಕೊ ಬಿಟ್ಟರೆ ಅವರ ಹತ್ತಿರ ಹೇಳಿಕೊಳ್ಳುವಂಥ ತೋಟವೇ ಇಲ್ಲ. ಯಾರನ್ನು ಕಾಪಾಡಲು ಈ ಸುಂಕ? ಅಂಗಡಿಯಲ್ಲಿ ಕಾಫಿ ತುಟ್ಟಿಯಾಯಿತು, ಜನ ಗೊಣಗಿದರು, ನವೆಂಬರ್‌ನಲ್ಲಿ ಕಾಫಿಯ ಮೇಲಿನ ಸುಂಕ ಹೋಯಿತು. ಬೋಲ್ಸನಾರೊ ಜೈಲಿಗೂ ಹೋದರು.

ಇನ್ನು ನಿಮ್ಮ ಕಣದ ವಿಷಯ. ನಾನು ಮಲೆನಾಡಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದವನು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಬೆಳೆ ಹಾಳಾಗಿ ರೇಟು ಜಿಗಿಯಿತು. ಬೆಳೆಯನ್ನೆಲ್ಲ ಕಾಫಿ ಬೋರ್ಡಿಗೇ ಕೊಡಬೇಕಿದ್ದ ‘ಪೂಲ್’ ಪದ್ಧತಿ ಕೊನೆಗೂ ಸಡಿಲವಾಗಿತ್ತು, ಕಂತಿನಲ್ಲಿ ಬರುವ ದುಡ್ಡಿಗೆ ಕಾಯಬೇಕಾಗಿರಲಿಲ್ಲ. ಊರಿಗೆ ಹೊಸ ಜೀಪುಗಳು ಬಂದವು. 2001-02ರ ಹೊತ್ತಿಗೆ ವಿಯೆಟ್ನಾಂ ರೋಬಸ್ಟಾ ಸುರಿದು ರೇಟು ನೆಲ ಕಚ್ಚಿತು. ಆಗ ಜೀಪುಗಳ ಆರ್‌ಸಿ ಪುಸ್ತಕಗಳು ನನ್ನ ಟೇಬಲ್ಲಿನ ಡ್ರಾಯರಿನಲ್ಲಿದ್ದವು, ಬ್ಯಾಂಕಿನ ಸೀಲು ಹೊತ್ತುಕೊಂಡು. ಕಂತು ಕಟ್ಟಲು ಬಂದವರು ತಲೆ ಎತ್ತಿ ಮಾತಾಡುತ್ತಿರಲಿಲ್ಲ. ಕೆಲವರು ಇನ್ನೂ ಏರುತ್ತದೆ ಅಂತ ಸಾಲ ಎತ್ತಿ ಮೂಟೆ ಇಟ್ಟುಕೊಂಡವರೇ.

ಅದಕ್ಕೇ ಹೇಳುತ್ತೇನೆ. ಕೂಲಿ, ಗೊಬ್ಬರ, ಸಾಲದ ಕಂತಿಗೆ ಬೇಕಾದಷ್ಟನ್ನು ಈಗಲೇ ಮಾರಿ. ಉಳಿದದ್ದನ್ನು ಸ್ವಂತ ದುಡ್ಡಿನ ಧೈರ್ಯವಿದ್ದರೆ ಇಡಿ. ಬಡ್ಡಿ ಕಟ್ಟಿಕೊಂಡು ಬ್ರೆಜಿಲಿನ ಹಿಮಕ್ಕೆ ಕಾಯಬೇಡಿ.

ಪ್ರಶ್ನೆ: ಟ್ರಂಪ್ ಭಾರತಕ್ಕೆ ಮಿತ್ರರೋ, ಶತ್ರುವೋ?
– ಕಾಲೇಜು ವಿದ್ಯಾರ್ಥಿ, ಹಾಸನ

ಉತ್ತರ: ಯಾವ ವಾರದ್ದು ಕೇಳುತ್ತಿದ್ದೀರಿ?

ಪ್ರಶ್ನೆ: ರಷ್ಯಾದ ತೈಲ ಕೊಂಡಿದ್ದಕ್ಕೆ 2025ರಲ್ಲಿ ಟ್ರಂಪ್ ನಮಗೆ ಶೇ 25 ಹೆಚ್ಚುವರಿ ಸುಂಕ ಹಾಕಿದರು. ನಮಗಿಂತ ಜಾಸ್ತಿ ಕೊಳ್ಳುವ ಚೀನಾಕ್ಕೆ ಯಾಕೆ ಹಾಕಲಿಲ್ಲ?
– ಓದುಗರು, ಹುಬ್ಬಳ್ಳಿ

ಉತ್ತರ: ಚೀನಾದ ಕೈಯಲ್ಲಿ ಅಯಸ್ಕಾಂತ ಇದೆ, ನಮ್ಮ ಕೈಯಲ್ಲಿ ಇಲ್ಲ. ತಮಾಷೆಯಲ್ಲ, ನಿಜವಾದ ಅಯಸ್ಕಾಂತ. ಕಾರು, ಫೈಟರ್ ಜೆಟ್, ಗಾಳಿಯಂತ್ರದ ಮೋಟಾರುಗಳಿಗೆ ಬೇಕಾದ ರೇರ್ ಅರ್ಥ್ (ವಿರಳ ಲೋಹಗಳ) ಅಯಸ್ಕಾಂತದಲ್ಲಿ ಸುಮಾರು ಶೇ 90 ಅಲ್ಲೇ ತಯಾರಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಚೀನಾದ ಮೇಲಿನ ಸುಂಕವನ್ನು ಶೇ 145ಕ್ಕೆ ಒಯ್ದರು. ಅದೇ ತಿಂಗಳು ಚೀನಾ ಈ ಸಾಮಾನಿಗೆ ರಫ್ತು ಲೈಸೆನ್ಸ್ ಬೇಕು ಅಂತ ನಿಯಮ ಹಾಕಿತು. ಮೇನಲ್ಲಿ ಫೋರ್ಡ್ ಕಂಪನಿಯ ಶಿಕಾಗೊ ಕಾರ್ಖಾನೆ ಒಂದು ವಾರ ನಿಂತಿತು. ಅದೇ ಮೇನಲ್ಲಿ ಸುಂಕ ಶೇ 30ಕ್ಕೆ ಇಳಿಯಿತು.

ತೈಲದ ವಿಷಯದಲ್ಲಿ ನಮಗೆ ಸಿಟ್ಟು ಬರುವುದು ಸಹಜ. ಉಕ್ರೇನ್ ಯುದ್ಧಕ್ಕೆ ಮುಂಚೆ ನಾವು ರಷ್ಯಾದಿಂದ ತರುತ್ತಿದ್ದದ್ದು ಶೇ 2ಕ್ಕಿಂತ ಕಡಿಮೆ. ಆಮೇಲೆ ಮೂರನೇ ಒಂದು ಭಾಗ ದಾಟಿತು. ಇದನ್ನು ಯಾರಿಗೂ ಕಾಣದ ಹಾಗೆ ಮಾಡಲಿಲ್ಲ. 2022ರ ಡಿಸೆಂಬರ್‌ನಲ್ಲಿ ಬ್ಯಾರಲ್‌ಗೆ 60 ಡಾಲರ್ ಮಿತಿ ಹಾಕಿದವರೇ ಅಮೆರಿಕವೂ ಸೇರಿದ ಜಿ7 ಶ್ರೀಮಂತ ದೇಶಗಳು. ತೈಲ ಹರಿಯಲಿ, ರಷ್ಯಾಕ್ಕೆ ಲಾಭ ಕಡಿಮೆಯಾಗಲಿ ಅನ್ನುವುದು ಅವರದ್ದೇ ಲೆಕ್ಕ. ಆದರೆ ಅಗ್ಗದ ತೈಲದ ಲಾಭ ನಿಮ್ಮ ಬೈಕಿನ ಟ್ಯಾಂಕಿಗೆ ಎಷ್ಟು ಬಂತು ಅಂತಲೂ ಕೇಳಿಕೊಳ್ಳಿ. ಪೆಟ್ರೋಲ್ ಬಂಕಿನ ಬೋರ್ಡಿನಲ್ಲಿ ರೇಟು ಅಷ್ಟೇನೂ ಇಳಿದ ಹಾಗೆ ನನಗಂತೂ ಕಾಣಲಿಲ್ಲ.

ಪ್ರಶ್ನೆ: ಚಿನ್ನ ಹೀಗೆ ಏರಲು ಕಾರಣ ಏನು? ಬಳೆ ಮಾರಿಬಿಡಲೇ?
– ಗೃಹಿಣಿ, ಕೋಲಾರ

ಉತ್ತರ: ಗಣಿ ಮುಚ್ಚಿದ ಜಿಲ್ಲೆಯಿಂದ ಚಿನ್ನದ ಪ್ರಶ್ನೆ! 2022ರಲ್ಲಿ ಪಶ್ಚಿಮದ ದೇಶಗಳು ರಷ್ಯಾದ ಸುಮಾರು 300 ಬಿಲಿಯನ್ ಡಾಲರ್ ಮೀಸಲು ಹಣ ತಡೆಹಿಡಿದವು. ಉಳಿದ ದೇಶಗಳ ಕೇಂದ್ರ ಬ್ಯಾಂಕುಗಳಿಗೆ ಅವತ್ತೇ ಅರ್ಥವಾಯಿತು. ಡಾಲರ್, ಯೂರೊ ಬೇರೆಯವರ ಪುಸ್ತಕದಲ್ಲಿರುವ ಲೆಕ್ಕ. ಚಿನ್ನ ನಮ್ಮ ಕಪಾಟಿನಲ್ಲಿ ಇರುತ್ತದೆ. ಅವರೆಲ್ಲ ಕೊಳ್ಳಲು ಶುರು ಮಾಡಿದರು, ಅಕ್ಟೋಬರ್ 2025ರಲ್ಲಿ ಔನ್ಸಿಗೆ 4,000 ಡಾಲರ್ ದಾಟಿತು. 1991ರಲ್ಲಿ ದುಡ್ಡಿಲ್ಲದೆ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಕಳಿಸಿ ಅಡವಿಟ್ಟವರು ನಾವು. 2023-24ರಲ್ಲಿ ರಿಸರ್ವ್ ಬ್ಯಾಂಕ್ ಇಂಗ್ಲೆಂಡಿನಿಂದ 100 ಟನ್ ವಾಪಸ್ ತಂದಿತು.

ಬಳೆ ಕೈಯಲ್ಲೇ ಇರಲಿ. ಮಾರಿದರೆ ಮೇಕಿಂಗ್ ಚಾರ್ಜು ಹೋಯಿತು ಅಂತಲೇ ಲೆಕ್ಕ.

ಪ್ರಶ್ನೆ: ಡಾಲರಿಗೆ 90 ರೂಪಾಯಿ ದಾಟಿದೆ. ಮಗ ಅಮೆರಿಕದಿಂದ ದುಡ್ಡು ಕಳಿಸುತ್ತಾನೆ. ಖುಷಿಪಡಬಹುದಾ?
– ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಪಡಿ, ಯಾರು ಬೇಡ ಅಂತಾರೆ? ಅಡಿಕೆ ತೋಟಕ್ಕೆ ಪೊಟ್ಯಾಷ್ ಹಾಕುವಾಗ ಮಾತ್ರ ಚೀಲದ ಮೇಲೆ ಕಣ್ಣಿಡಿ. ನಾವು ಬಳಸುವ ಪೊಟ್ಯಾಷ್ ಎಲ್ಲ ಹೊರಗಿನದ್ದೇ. ರಷ್ಯಾ, ಬೆಲಾರೂಸ್, ಕೆನಡಾ, ಜೋರ್ಡಾನ್‌ನಿಂದ ಬರುತ್ತದೆ, ಬಿಲ್ಲು ಡಾಲರಿನಲ್ಲಿ.

ಪ್ರಶ್ನೆ: ಡಾಲರ್ ಬಿಟ್ಟು ರೂಪಾಯಿಯಲ್ಲೇ ವ್ಯಾಪಾರ ಮಾಡಿದರೆ ಆಗದೇ?
– ಓದುಗರು, ಮೈಸೂರು

ಉತ್ತರ: ರಷ್ಯಾದ ವಿದೇಶಾಂಗ ಸಚಿವ ಲಾವ್ರೊವ್ 2023ರ ಮೇನಲ್ಲಿ ಗೋವಾಕ್ಕೆ ಬಂದಿದ್ದರು. ನಿಮ್ಮ ಬ್ಯಾಂಕುಗಳಲ್ಲಿ ನಮ್ಮ ಕೋಟಿಗಟ್ಟಲೆ ರೂಪಾಯಿ ಬಿದ್ದಿದೆ, ಅದನ್ನು ಖರ್ಚು ಮಾಡುವ ದಾರಿ ಬೇಕು ಅನ್ನುವ ಅರ್ಥದಲ್ಲಿ ಹೇಳಿ ಹೋದರು. ನಾವು ಅವರಿಂದ ತೈಲ ಜಾಸ್ತಿ ಕೊಳ್ಳುತ್ತೇವೆ, ಅವರಿಗೆ ನಮ್ಮಿಂದ ಕೊಳ್ಳಲು ಅಷ್ಟು ಸಾಮಾನಿಲ್ಲ. ನಿಮ್ಮ ಪತ್ರದಲ್ಲಿ ಇನ್ನೂ ಎರಡು ಪ್ರಶ್ನೆಗಳಿವೆ. ಬ್ರಿಕ್ಸ್ (ಬ್ರೆಜಿಲ್, ರಷ್ಯಾ, ಭಾರತ, ಚೀನಾ ಮೊದಲಾದ ದೇಶಗಳ ಕೂಟ) ನೋಟಿನ ಬಗ್ಗೆ ಮುಂದಿನ ತಿಂಗಳು ಬರೆಯುತ್ತೇನೆ. ಜ್ಯೋತಿಷ್ಯದ ಪ್ರಶ್ನೆಯನ್ನು ಪಕ್ಕದ ಪುಟದವರಿಗೆ ದಾಟಿಸಿದ್ದೇನೆ.